ಟರ್ಮಿನಲ್‌ನಲ್ಲಿ ಮೇಲೆ ಓಡಿಹೋದ ಸಾಲುಗಳನ್ನು ಓದುವುದು ಹೇಗೆ

ಲಿನಕ್ಸ್‌ನಲ್ಲಿ ಮೇಕ್ (ಕೋಡಿನಿಂದ ಪ್ರೋಗ್ರಾಂ ಬಿಲ್ಡ್ ಮಾಡುವ, ಅಂದರೆ ಕಟ್ಟುವ ಕಮ್ಯಾಂಡ್) ಓಡಿಸಿದರೆ ನೂರಾರು ಸಾಲು ಸರಸರನೆ ಮೇಲೆ ಹೋಗಿ, ಪರದೆಯಲ್ಲಿ ಕೊನೆಯ ಒಂದಿಷ್ಟು ಮಾತ್ರ ಉಳಿಯುತ್ತವೆ. ಬೇಕಾದದ್ದು ಸಾಮಾನ್ಯವಾಗಿ ಮೊದಲ ಎರರ್. ಕೆಳಗಿನವು ಹೆಚ್ಚಾಗಿ ಅದರ ಬೆನ್ನಿಗೆ ಹುಟ್ಟಿದವು.

ಈಗಾಗಲೇ ಓಡಿಹೋಗಿದ್ದರೆ ಶಿಫ್ಟ್ ಹಿಡಿದು ಪೇಜ್ ಅಪ್ ಒತ್ತಿ. ಗ್ನೋಮ್ ಟರ್ಮಿನಲ್‌ನಲ್ಲಿ ನಾವೇನೂ ಬದಲಿಸದಿದ್ದರೆ 10,000 ಸಾಲು ಸಿಗುತ್ತದೆ. ಒಂದೇ ಟರ್ಮಿನಲ್‌ನಲ್ಲಿ ಹಲವು ಕಿಟಕಿ ಕೊಡುವ ಟಿಮಕ್ಸ್‌ನಲ್ಲಿ 2,000 ಮಾತ್ರ, ಅಲ್ಲಿ ಕಂಟ್ರೋಲ್-ಬಿ, ಆಮೇಲೆ [ ಒತ್ತಿದರೆ ಹಿಂದಕ್ಕೆ ಹೋಗಬಹುದು. ಕಿಟಕಿಗಳಿಲ್ಲದ ಬರೀ ಕನ್ಸೋಲ್‌ನಲ್ಲಿ ಶಿಫ್ಟ್-ಪೇಜ್ ಅಪ್ ಕೆಲಸ ಮಾಡದಿದ್ದರೆ ಕೀಬೋರ್ಡನ್ನು ಬೈಯಬೇಡಿ: ನೋಡಿಕೊಳ್ಳುವವರಿಲ್ಲವೆಂದು ಲಿನಕ್ಸ್‌ನ ತಿರುಳಾದ ಕರ್ನಲ್‌ನ 2020ರ 5.9 ಆವೃತ್ತಿಯಲ್ಲಿ ಆ ಸೌಲಭ್ಯವನ್ನೇ ಕಿತ್ತುಹಾಕಿದ್ದಾರೆ.

ಆದ್ದರಿಂದ ಸಾಲುಗಳನ್ನು ಪುಟಪುಟವಾಗಿ ತೋರಿಸುವ ಲೆಸ್ ಕಮ್ಯಾಂಡಿಗೆ ಮೊದಲೇ ಕಳಿಸುವುದು ಜಾಣತನ:

ಮೇಕ್ 2>&1 | ಲೆಸ್

2>&1 ಬಿಟ್ಟರೆ ಎರರ್‌ಗಳು ಪೈಪಿನೊಳಗೆ, ಅಂದರೆ | ಮೂಲಕ ಲೆಸ್‌ಗೆ, ಹೋಗುವುದಿಲ್ಲ. ಅವು ನೇರವಾಗಿ ಪರದೆಗೆ ಬಂದು ಲೆಸ್ ತೋರಿಸುತ್ತಿರುವ ಪುಟದ ಮೇಲೆ ಚೆಲ್ಲಾಡುತ್ತವೆ. ಸ್ಪೇಸ್ ಒತ್ತಿದರೆ ಮುಂದಿನ ಪುಟ, ಬಿ ಒತ್ತಿದರೆ ಹಿಂದಿನದು. / ಒತ್ತಿ ಪದ ಬರೆದು ಎಂಟರ್ ಕೊಟ್ಟರೆ ಹುಡುಕುತ್ತದೆ, ಎನ್ ಒತ್ತಿದರೆ ಮುಂದಿನ ಜಾಗ. ಕ್ಯೂ ಒತ್ತಿದರೆ ಹೊರಗೆ.

ಇಲ್ಲೊಂದು ಸೂಕ್ಷ್ಮವಿದೆ. ಲೆಸ್ ತನಗೆ ಬೇಕಾದಷ್ಟೇ ಓದಿಕೊಳ್ಳುತ್ತದೆ. ಮೊದಲ ಪುಟ ತೆರೆದಿಟ್ಟು ಚಹಾಕ್ಕೆ ಹೋದರೆ, 64 ಕೆಬಿಯ ಪೈಪ್ ತುಂಬಿದ ಮೇಲೆ ಮೇಕ್ ಅಲ್ಲೇ ನಿಂತು ಕಾಯುತ್ತದೆ. ವಾಪಸ್ ಬಂದಾಗ ಬಿಲ್ಡ್ ಮುಗಿದಿರುವುದಿಲ್ಲ. ದೊಡ್ಡಕ್ಷರದ ಜಿ ಒತ್ತಿ ಹೋಗಿ, ಕೊನೆಯವರೆಗೂ ಓದಿಸುತ್ತದೆ. ಸಣ್ಣ ಜಿ ಒತ್ತಿದರೆ ಮತ್ತೆ ಮೊದಲ ಸಾಲು.

ಗಂಟೆಗಟ್ಟಲೆ ಹಿಡಿಯುವ ಕೆಲಸಕ್ಕೆ ಲೆಸ್ ನೆಚ್ಚಬೇಡಿ, ಟೀ ಎಂಬ ಕಮ್ಯಾಂಡ್ ಬಳಸಿ:

ಮೇಕ್ 2>&1 | ಟೀ ಬಿಲ್ಡ್.ಲಾಗ್

ಪರದೆಯಲ್ಲೂ ಕಾಣುತ್ತದೆ, ಫೈಲಿನಲ್ಲೂ ಉಳಿಯುತ್ತದೆ. ಅದೇ ಹೆಸರಿನ ಹಳೆಯ ಫೈಲ್ ಇದ್ದರೆ ಅಳಿಸಿಹೋಗುತ್ತದೆ; ಕೊನೆಗೆ ಸೇರಿಸಬೇಕಾದರೆ ಟೀ ಜೊತೆ -ಎ ಕೊಡಿ. ಸ್ಕ್ರಿಪ್ಟಿನಲ್ಲಿ ಇದನ್ನು ಬರೆಯುವವರು ಗಮನಿಸಿ: ಸ್ಕ್ರಿಪ್ಟ್ ಓಡಿಸುವ ಬ್ಯಾಶ್ ಸೋಲು-ಗೆಲುವಿಗೆ ನೋಡುವುದು ಪೈಪಿನ ಕೊನೆಯ ಕಮ್ಯಾಂಡನ್ನು. ಮೇಕ್ ಸೋತರೂ ಟೀ ಗೆದ್ದಿರುತ್ತದಲ್ಲ, ಎಲ್ಲ ಸರಿಯಾಗಿದೆ ಎಂದುಕೊಂಡು ಸ್ಕ್ರಿಪ್ಟ್ ಮುಂದೆ ಸಾಗುತ್ತದೆ. ಸ್ಕ್ರಿಪ್ಟಿನ ಆರಂಭದಲ್ಲೇ ಸೆಟ್ -ಓ ಪೈಪ್‌ಫೇಲ್ ಹಾಕಿದರೆ ಮೇಕ್ ಸೋತದ್ದು ಮುಚ್ಚಿಹೋಗುವುದಿಲ್ಲ.

ಬಣ್ಣದ ಬದಲು ವಿಚಿತ್ರ ಅಕ್ಷರ ಕಂಡರೆ ಲೆಸ್‌ಗೆ ದೊಡ್ಡಕ್ಷರದ -ಆರ್ ಕೊಡಿ. ಉದ್ದ ಸಾಲು ಮಡಚಿ ಗೋಜಲಾದರೆ ದೊಡ್ಡಕ್ಷರದ -ಎಸ್ ಕೊಟ್ಟು ಬಲ ಬಾಣದಿಂದ ಸರಿಸಿ ಓದಿ. ಕ್ಯೂ ಒತ್ತಿದ ಕೂಡಲೇ ಓದಿದ್ದೆಲ್ಲ ಮಾಯವಾಗುವುದು ಬೇಡವೆಂದರೆ ದೊಡ್ಡಕ್ಷರದ -ಎಕ್ಸ್ ಇದೆ. ಕೊನೆಗೆ ನೋಡಿದ ಪುಟ ಪರದೆಯಲ್ಲೇ ಉಳಿಯುತ್ತದೆ.