ಎಂಜಿನ್ ಎರಡಿಂಚು ಮೇಲೇರಿತು, ಪ್ರೊಪೆಲರ್ ಗಾಳಿ ಎಳೆಯುವುದು ನಿಂತಿತು

ನನ್ನ 19 ಅಡಿಯ ಫೈಬರ್ ಬೋಟು ಈಗ ಗೋವಾದ ಜುವಾರಿ ನದಿಯಲ್ಲಿ 38 ನಾಟ್ (ಗಂಟೆಗೆ ಸುಮಾರು 70 ಕಿ.ಮೀ.) ಮುಟ್ಟುತ್ತದೆ, ಮತ್ತು 30 ನಾಟ್‌ನಲ್ಲಿ ಬಿಗಿಯಾಗಿ ತಿರುಗಿಸಿದರೂ ಪ್ರೊಪೆಲರ್ ನೀರಿನ ಹಿಡಿತ ಬಿಡುವುದಿಲ್ಲ. ಎಂಜಿನ್ ಮೇಲೆತ್ತಿ ಇದನ್ನು ಸಾಧಿಸುವುದು ಆಗದ ಕೆಲಸವೆಂದು ವಾಸ್ಕೋದಲ್ಲಿ ನನಗೆ ಪರಿಚಯವಿರುವ ಬಹುತೇಕ ಎಲ್ಲ ಮೆಕ್ಯಾನಿಕ್‌ಗಳೂ ಹೇಳಿದ್ದರು. ನನಗೆ ಈ ಕಸುಬು ಕಲಿಸಿದ ಕುಮಟಾ ಕಡೆಯ ಹಿರಿಯರಂತೂ, "ತಮ್ಮಾ, ಎಂಜಿನ್ ಮೇಲೆತ್ತಿದರೆ ಫ್ಯಾನ್ ಗಾಳಿಯಲ್ಲೇ ತಿರುಗೀತು, ದುಡ್ಡು ನೀರಿಗೆ ಹಾಕಬೇಡ" ಎಂದು ಎರಡು ಸಲ ಮನೆಗೆ ಬಂದು ಹೇಳಿ ಹೋದರು. ದುಡ್ಡು ಹೋದದ್ದು ನಿಜ, ಆದರೆ ಕೆಲಸ ಆಯಿತು.

ಎಂಜಿನ್ 150 ಅಶ್ವಶಕ್ತಿಯ ಯಮಾಹಾ ಫೋರ್ ಸ್ಟ್ರೋಕ್, ಗೇರ್ ಅನುಪಾತ 2.00, ಅಂದರೆ ಎಂಜಿನ್ ಎರಡು ಸುತ್ತು ತಿರುಗಿದರೆ ಪ್ರೊಪೆಲರ್ ಒಂದು ಸುತ್ತು. ಮೊದಲು ಅದರ ಪ್ಲೇಟ್ (ಮೇಲಿನ ಗಾಳಿ ಒಳಬರದಂತೆ ಪ್ರೊಪೆಲರ್‌ನ ಮೇಲಿರುವ ಅಡ್ಡ ಹಲಗೆ) ಬೋಟಿನ ತಳದ ಸಮಕ್ಕೇ ಇತ್ತು, ಪ್ರೊಪೆಲರ್ 17 ಪಿಚ್‌ನ, ಅಂದರೆ ಲೆಕ್ಕದಲ್ಲಿ ಒಂದು ಸುತ್ತಿಗೆ 17 ಇಂಚು ಮುಂದೆ ಸಾಗುವ, ಮೂರು ಎಲೆಯ ಅಲ್ಯೂಮಿನಿಯಂ. ನೇರ ಓಟದಲ್ಲಿ 5,900 ಆರ್‌ಪಿಎಂಗೆ 35 ನಾಟ್ ಬರುತ್ತಿತ್ತು. ಲೆಕ್ಕ ಹಾಕಿದರೆ ಸ್ಲಿಪ್, ಅಂದರೆ ಪಿಚ್‌ನ ಪ್ರಕಾರ ಸಾಗಬೇಕಾದ್ದಕ್ಕಿಂತ ನಿಜವಾಗಿ ಸಾಗಿದ್ದರಲ್ಲಿನ ಕೊರತೆ, ಶೇಕಡಾ 15ರ ಆಸುಪಾಸು. ತಿರುವಿಗೆ ಬಂದೊಡನೆ ಮಾತ್ರ ಎಂಜಿನ್ ಕಿರುಚಿ ಆರ್‌ಪಿಎಂ ಅದರ ಗರಿಷ್ಠ ಮಿತಿ ಕಾಯುವ ಲಿಮಿಟರ್‌ವರೆಗೂ ಹಾರುತ್ತಿತ್ತು, ಬೋಟು ಕುಸಿದು ಕೂರುತ್ತಿತ್ತು. ಹಲವರು ಇದನ್ನು ಕ್ಯಾವಿಟೇಶನ್ (ಒತ್ತಡ ಇಳಿದು ಎಲೆಗಳ ಮೇಲೆ ನೀರೇ ಆವಿಯ ಗುಳ್ಳೆಗಳಾಗುವುದು) ಎಂದರು. ಎಲೆಗಳ ಮೇಲೆ ಬಣ್ಣ ಸುಟ್ಟ ಗುರುತೇ ಇರಲಿಲ್ಲವಾದ್ದರಿಂದ ನಾನು ಅದನ್ನು ಒಪ್ಪಲಿಲ್ಲ. ಪ್ರೊಪೆಲರ್ ಎಲ್ಲಿಂದಲೋ ಗಾಳಿಯನ್ನೇ ಎಳೆಯುತ್ತಿತ್ತು.

ಎಲ್ಲರೂ ಮಾಡುವಂತೆ ನಾನೂ ಮೊದಲು ಎಂಜಿನ್ನನ್ನು ಒಂದು ಬೋಲ್ಟ್ ತೂತಿನಷ್ಟು, ಅಂದರೆ ಮುಕ್ಕಾಲು ಇಂಚು, ಕೆಳಗಿಳಿಸಿದೆ. ವೇಗ ಎರಡು ನಾಟ್‌ನಷ್ಟು ಹೋಯಿತು, ಸ್ಟಿಯರಿಂಗ್ ಭಾರವಾಯಿತು, ತಿರುವಿನ ರೋಗ ಹಾಗೆಯೇ ಉಳಿಯಿತು. ಕೆಳಗಿಳಿಸಿದರೂ ಗಾಳಿ ನಿಲ್ಲದಿದ್ದರೆ ಆ ಗಾಳಿ ಮೇಲಿನಿಂದ ಬರುತ್ತಿಲ್ಲ, ಪ್ರೊಪೆಲರ್‌ನ ಮುಂದಿನಿಂದಲೇ ಬರುತ್ತಿದೆ ಎಂಬುದು ಹೊಳೆಯಲು ನನಗೆ ಪೂರ್ತಿ ಒಂದು ಹಂಗಾಮು ಬೇಕಾಯಿತು. ಟ್ರಾನ್ಸಮ್‌ಗೆ (ಎಂಜಿನ್ ಕೂರುವ ಬೋಟಿನ ಹಿಂಗೋಡೆಗೆ) ಸ್ಕ್ರೂ ಹೊಡೆದಿದ್ದ, ಮೀನು ಪತ್ತೆ ಹಚ್ಚುವ ಫಿಶ್ ಫೈಂಡರ್‌ನ ಟ್ರಾನ್ಸ್‌ಡ್ಯೂಸರ್ (ನೀರಿನಲ್ಲಿರುವ ಅದರ ಸೆನ್ಸರ್) ತೆಗೆದು ಓಡಿಸಿದಾಗ ಅರ್ಧ ತೊಂದರೆ ಅಲ್ಲಿಯೇ ಹೋಯಿತು. ಉಳಿದರ್ಧಕ್ಕೆ ಕಾರಣ, ಇಲ್ಲಿ ಬೋಟುಗಳನ್ನು ಮರಳಿಗೆ ಎಳೆಯುವುದರಿಂದ ತಳದ ನಡುಗೆರೆಗೆ ಅಂಟಿಸುವ ದಪ್ಪ ಪಟ್ಟಿ. ಅದು ಟ್ರಾನ್ಸಮ್‌ನ ತುದಿಯವರೆಗೂ ಇದ್ದು, ಕಲಕಿದ ನೀರನ್ನು ನೇರವಾಗಿ ಪ್ರೊಪೆಲರ್‌ಗೆ ಕಳಿಸುತ್ತಿತ್ತು. ಮಳೆಗಾಲದಲ್ಲಿ ಬೋಟನ್ನು ಮಗುಚಿ ಹಾಕಿ ಹಿಂದಿನ ಒಂದೂವರೆ ಅಡಿ ಪಟ್ಟಿಯನ್ನು ಇಳಿಜಾರಾಗಿ ತೇಯ್ದು ಜೆಲ್‌ಕೋಟ್ (ಫೈಬರ್‌ನ ಮೇಲಿನ ನುಣುಪು ರಾಳದ ಲೇಪ) ಹಾಕಿದೆ. ಖರ್ಚು ನಾಲ್ಕು ಸಾವಿರವೂ ಆಗಲಿಲ್ಲ, ಆದರೆ ಇಡೀ ಪ್ರಯತ್ನದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ.

ಪ್ರೊಪೆಲರ್‌ಗೆ ಕಲಕದ ನೀರು ಸಿಗತೊಡಗಿದ ಮೇಲೆ ಎಂಜಿನ್ ಎತ್ತುವ ಧೈರ್ಯ ಬಂತು. ಅದನ್ನು ಟ್ರಾನ್ಸಮ್‌ನಿಂದ ಆರು ಇಂಚು ಹಿಂದಕ್ಕೆ ಸರಿಸಿದರೆ ಅಲ್ಲಿ ನೀರು ಮೇಲೇಳುತ್ತದೆ ಎಂಬುದು ಗೊತ್ತಿದ್ದುದರಿಂದ, ಒಂದು ವರ್ಕ್‌ಶಾಪಿನಲ್ಲಿ 28 ಸಾವಿರ ಕೊಟ್ಟು ಅಲ್ಯೂಮಿನಿಯಂ ಜಾಕ್ ಪ್ಲೇಟ್ (ಎಂಜಿನ್ನನ್ನು ಹಿಂದೆ ಸರಿಸಿ, ಏರಿಸಿ ಇಳಿಸಲು ಟ್ರಾನ್ಸಮ್‌ಗೂ ಎಂಜಿನ್‌ಗೂ ನಡುವೆ ಕೂರಿಸುವ ಚೌಕಟ್ಟು) ಮಾಡಿಸಿದೆ. ಮೂರನೆಯ ಓಟದಲ್ಲಿ ಅದಿರಿನ ಬಾರ್ಜ್ ಎಬ್ಬಿಸಿದ ಅಲೆಗೆ ಬೋಟು ಹಾರಿ ಬಿದ್ದಾಗ ವೆಲ್ಡಿಂಗ್ ಬಿರುಕು ಬಿಟ್ಟು ಎಂಜಿನ್ ಒಂದು ಬದಿಗೆ ವಾಲಿತು. ಹಗ್ಗ ಬಿಗಿದು ಆಮೆಯ ಗತಿಯಲ್ಲಿ ಚಿಕಾಲಿಂ ದಡ ಸೇರುವಷ್ಟರಲ್ಲಿ ಕತ್ತಲಾಗಿತ್ತು. ಜಾಕ್ ಪ್ಲೇಟಿನಲ್ಲಿ ಉಳಿತಾಯ ನೋಡಬಾರದೆಂದು ಆಮೇಲೆ ಹೊರದೇಶದ್ದನ್ನೇ ತರಿಸಿದೆ. ಸಾಗಣೆ, ಸುಂಕ ಸೇರಿ 85 ಸಾವಿರದ ಹತ್ತಿರ ಬಿತ್ತು.

ಅರ್ಧರ್ಧ ಇಂಚು ಏರಿಸುತ್ತ ಹೋದೆ. ಎರಡು ಇಂಚಿನವರೆಗೆ ಪ್ರತಿ ಮೆಟ್ಟಿಲಿಗೂ ಆರ್‌ಪಿಎಂ ಮತ್ತು ವೇಗ ಏರಿದವು. ಎರಡೂವರೆಗೆ ಏರಿಸಿದ ದಿನ ಖುಷಿಯಲ್ಲಿ ಎಂಜಿನ್ ತಂಪಾಗಿಸುವ ನೀರಿನ ಒತ್ತಡದ ಗೇಜನ್ನು ಗಮನಿಸಲಿಲ್ಲ. 14 ಇರುತ್ತಿದ್ದ ಒತ್ತಡ ಏಳೆಂಟಕ್ಕೆ ಇಳಿದು, ಅಲಾರಂ ಕೂಗಿದ ಮೇಲೆ ಬಿಚ್ಚಿ ನೋಡಿದರೆ ಆ ನೀರಿನ ಪಂಪಿನೊಳಗೆ ತಿರುಗುವ ಇಂಪೆಲರ್‌ನ ರಬ್ಬರ್ ರೆಕ್ಕೆಗಳು ಹರಿದಿದ್ದವು. ಗೇರ್‌ಕೇಸಿನ ನೀರು ಹೀರುವ ಕಿಂಡಿ ಕೆಳಗಿಲ್ಲದ ಎಂಜಿನ್‌ಗೆ ಎತ್ತರದ ಮಿತಿ ಹಾಕುವುದು ಪ್ರೊಪೆಲರ್ ಅಲ್ಲ, ಈ ಗೇಜು. ಎರಡು ಇಂಚಿಗೆ ಮರಳಿದೆ.

ಆ ಎತ್ತರದಲ್ಲಿ ಅಲ್ಯೂಮಿನಿಯಂ ಎಲೆಗಳು ಬಾಗಿ ಮತ್ತೆ ಹಿಡಿತ ಬಿಟ್ಟವು. ಹೊಸ ಸ್ಟೇನ್‌ಲೆಸ್‌ಗೆ ಅರವತ್ತು ಸಾವಿರದ ಮಾತಾದ್ದರಿಂದ ಮುಂಬೈಯ ದಾರುಖಾನಾದ ಗುಜರಿ ಅಂಗಡಿಗಳಲ್ಲಿ ಎರಡು ದಿನ ಅಲೆದು, ಒಂದು ಎಲೆ ಜಜ್ಜಿದ್ದ 18 ಪಿಚ್‌ನ ನಾಲ್ಕು ಎಲೆಯದನ್ನು 22 ಸಾವಿರಕ್ಕೆ ತಂದೆ. ಎಲೆ ಸರಿಪಡಿಸಿ, ಹಿಂದಿನ ಅಂಚಿಗೆ ಕಪ್ (ನೀರು ಹಿಡಿಯುವಂಥ ಸಣ್ಣ ಬಾಗು) ಹಾಕಿಸಿ, ನಡುವಿನ ಹಬ್ ಬದಲಿಸಲು ಇನ್ನೊಂದು 12 ಸಾವಿರ. ಕಪ್ಪಿನ ಆಳವನ್ನು ಮೂರು ಸಲ ಬದಲಿಸಿ ಕಂಡುಕೊಂಡಿದ್ದೇನೆ. ಆ ಅಳತೆಯನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಪ್ರೊಪೆಲರ್ ಮೇಲಿನ ಪ್ಲೇಟ್‌ಗೆ ಹೈಡ್ರೋಫಾಯಿಲ್ (ಎರಡೂ ಬದಿಗೆ ಚಾಚುವ ರೆಕ್ಕೆ) ಕಟ್ಟಿಯೂ ನೋಡಿದೆ. ಬೋಟು ಬೇಗ ಮೇಲೆದ್ದು ನೀರಿನ ಮೇಲೆ ಜಾರತೊಡಗುತ್ತಿತ್ತು, ಆದರೆ ವೇಗದ ತಿರುವಿನಲ್ಲಿ ಅದರ ಒಂದು ರೆಕ್ಕೆ ನೀರಿಗೆ ತಗಲಿ ಬೋಟು ಅಡ್ಡ ಎಳೆಯುತ್ತಿದ್ದುದರಿಂದ ಎರಡೇ ದಿನಕ್ಕೆ ಕಿತ್ತೆ. ಹೆಚ್ಚು ಸ್ವಾರಸ್ಯ ಸಿಕ್ಕಿದ್ದು ಪ್ರೊಪೆಲರ್‌ಗೆ ಕೊರೆದ ತೂತುಗಳಲ್ಲಿ. ನಾಲ್ಕು ಎಲೆಯ ಪ್ರೊಪೆಲರ್ ಆರು ಜನರನ್ನು ಕೂರಿಸಿಕೊಂಡು ಹೊರಡುವಾಗ ಎಂಜಿನ್ನನ್ನು ಅದುಮಿ ಹಿಡಿಯುತ್ತಿತ್ತು. ಎಲೆಗಳ ಬುಡದ ಹಿಂದೆ ಹಬ್ಬಿನ ಕೊಳವೆಗೆ ತೂತು ಕೊರೆದರೆ ಹೊರಡುವಾಗ ಆ ಕೊಳವೆಯಿಂದಲೇ ಹೊರಹೋಗುವ ಎಂಜಿನ್ ಹೊಗೆಯಲ್ಲಿ ಸ್ವಲ್ಪ ಎಲೆಗಳತ್ತ ನುಗ್ಗಿ ಎಂಜಿನ್ ಸಲೀಸಾಗಿ ಆರ್‌ಪಿಎಂ ಏರಿಸುತ್ತದೆ, ವೇಗ ಬಂದ ಮೇಲೆ ನೀರಿನ ಹರಿವೇ ತೂತನ್ನು ಮುಚ್ಚುತ್ತದೆ. ಅಂದರೆ ತಿರುವಿನಲ್ಲಿ ನಾನು ಓಡಿಸುತ್ತಿದ್ದ ಗಾಳಿಯನ್ನೇ ಹೊರಡುವ ಕ್ಷಣದಲ್ಲಿ ಬೇಕೆಂದು ಕರೆಯುವುದು. ಹಳೆಯ ಅಲ್ಯೂಮಿನಿಯಂನಲ್ಲಿ 8, 10, 12 ಮಿಲಿಮೀಟರ್ ಎಂದು ಕೊರೆಯುತ್ತ ಹೋದೆ. 12ಕ್ಕೆ ಬೋಟು ಮೇಲೇಳಲೇ ಇಲ್ಲ, ಪ್ರೊಪೆಲರ್ ಗುಜರಿಗೆ ಹೋಯಿತು. ಸ್ಟೇನ್‌ಲೆಸ್‌ನಲ್ಲಿ ಕೋಬಾಲ್ಟ್ ಬಿಟ್‌ಗಳು ನಾಲ್ಕು ಮುರಿದವು. ತೂತಿನ ಜಾಗ ಗಾತ್ರಕ್ಕಿಂತ ಮುಖ್ಯ ಎಂದಷ್ಟೇ ಹೇಳುತ್ತೇನೆ.

ಈಗ 5,750 ಆರ್‌ಪಿಎಂಗೆ 38 ನಾಟ್, ಸ್ಲಿಪ್ ಶೇಕಡಾ 11ರ ಸುತ್ತ. ಒಂದು ಟ್ಯಾಂಕ್ ಪೆಟ್ರೋಲಿಗೆ ಮೊದಲಿಗಿಂತ ಒಂದು ಟ್ರಿಪ್ ಹೆಚ್ಚು ಸಿಗುತ್ತಿದೆ. ಒಟ್ಟು ಒಂದೂವರೆ ಲಕ್ಷ ದಾಟಿದೆ, ಮುರಿದದ್ದೂ ಸೇರಿ. ಕುಮಟೆಯ ಹಿರಿಯರನ್ನು ಕೂರಿಸಿಕೊಂಡು ಜುವಾರಿ ಸೇತುವೆಯ ಕೆಳಗೆ ಎಡಕ್ಕೂ ಬಲಕ್ಕೂ ತಿರುಗಿಸಿದಾಗ ಅವರು ಮಾತಾಡದೆ ಎಂಜಿನ್‌ನ ಸದ್ದನ್ನೇ ಆಲಿಸುತ್ತಿದ್ದರು. ಇಳಿದ ಮೇಲೆ ಟೇಪ್ ಕೇಳಿ ಪ್ಲೇಟಿನ ಎತ್ತರವನ್ನು ತಾವೇ ಅಳೆದರು. ಹತ್ತು ಗಂಟೆ ಓಡಿಸಿದ ಮೇಲೆ ಜಾಕ್ ಪ್ಲೇಟಿನ ಕೆಳಗಿನ ಎರಡು ಬೋಲ್ಟ್ ಕಾಲು ಸುತ್ತು ಸಡಿಲವಾಗಿದ್ದನ್ನು ತೋರಿಸಿದವರೂ ಅವರೇ. ಈಗ ಅಲ್ಲಿ ಸಡಿಲವಾಗದಂತೆ ನೈಲಾನ್ ಬಳೆ ಇರುವ ನೈಲಾಕ್ ನಟ್ ಹಾಕಿದ್ದೇನೆ, ಪ್ರತಿ ಭಾನುವಾರ ಟಾರ್ಕ್ ವ್ರೆಂಚ್ ಇಟ್ಟು ನೋಡುತ್ತೇನೆ.