ಕಟ್ಟಿಗೆ ಕುಗ್ಗುತ್ತದೆ, ಹಳಿ ಹಿಗ್ಗುತ್ತದೆ: ವಿಜಯಪುರದ ಖೋಲಿಯಲ್ಲಿ ಎಚ್‌ಓ ರೈಲು

ಮಾದರಿ ರೈಲಿನ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿ ದೇಶದವು. ಅಲ್ಲಿ ತೇವದ್ದೇ ಚಿಂತೆ. ವಿಜಯಪುರದಲ್ಲಿ ಲೆಕ್ಕ ಬೇರೆ. ಫೆಬ್ರುವರಿ ದಾಟಿತೆಂದರೆ ಕಟ್ಟಿಗೆ ಒಣಗಿ ಕುಗ್ಗುತ್ತದೆ, ಅದೇ ಹೊತ್ತಿಗೆ ಹಳಿ ಕಾಯ್ದು ಹಿಗ್ಗುತ್ತದೆ, ಸಾಲದ್ದಕ್ಕೆ ಎರೆಹೊಲದ ಧೂಳು ಕಿಟಕಿ ಹಾಕಿದ್ದರೂ ಒಳಗೆ ಬಂದು ಕೂರುತ್ತದೆ. ಇಂಜಿನ್‌ಗೆ ಎಷ್ಟು ದುಡ್ಡು ಹಾಕಿದ್ದೀರಿ ಎಂಬುದು ಇಲ್ಲಿ ಎರಡನೆಯ ಮಾತು. ಹಳಿಯ ಕೆಳಗೆ ಏನು ಹಾಕಿದ್ದೀರಿ ಎಂಬುದರ ಮೇಲೆ ರೈಲು ಓಡುವುದು, ನಿಲ್ಲುವುದು. ಹಾಗಾಗಿ ಕೆಳಗಿನ ಕೆಲಸದ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಮೊದಲು ಅಳತೆ. ನನ್ನದು ಎಚ್‌ಓ, ಅಂದರೆ 1:87, ನಿಜದ ಗಾಡಿಯ 87ನೇ ಒಂದು ಪಾಲು. ಹಳಿಗಳ ನಡುವೆ 16.5 ಎಂಎಂ. ನಮ್ಮ ಬ್ರಾಡ್‌ಗೇಜ್ 1676 ಎಂಎಂ ಇರುವುದರಿಂದ ನ್ಯಾಯವಾಗಿ 19.3 ಎಂಎಂ ಬರಬೇಕು. ಆದರೆ ಆ ಅಳತೆಯ ಹಳಿ, ಗಾಲಿ ಎರಡನ್ನೂ ಕೈಯಲ್ಲೇ ಮಾಡಿಕೊಳ್ಳಬೇಕಾಗುತ್ತದೆ. ಹೀಗಾಗಿ ಭಾರತೀಯ ಮಾದರಿ ಓಡಿಸುವ ಬಹಳಷ್ಟು ಜನ 16.5ಕ್ಕೇ ಒಪ್ಪಿಕೊಳ್ಳುತ್ತಾರೆ; ಮುಂದಿನಿಂದ ನೋಡಿದಾಗ ಇಂಜಿನ್ ಸ್ವಲ್ಪ ಇಕ್ಕಟ್ಟಾಗಿ ನಿಂತಂತೆ ಕಾಣುತ್ತದೆ, ಅಷ್ಟೇ. ಗದಗ–ಹೋಟಗಿ ಮಾರ್ಗ ಮೀಟರ್‌ಗೇಜ್ ಇದ್ದ ಕಾಲವನ್ನೇ ಕಟ್ಟುತ್ತೇನೆ ಎನ್ನುವವರಿಗೆ 12 ಎಂಎಂ ಹಳಿ ಉಂಟು. ಲೆಕ್ಕದಲ್ಲಿ 11.5 ಬರುವುದರಿಂದ ಅದು ಹೆಚ್ಚು ಸರಿಹೊಂದುತ್ತದೆ, ಆದರೆ ನಮ್ಮ ಕಡೆಯ ಇಂಜಿನ್, ಡಬ್ಬಿಗಳ ಕೆಲಸ ನಿಮ್ಮ ಕೈಮೇಲೇ ಬರುತ್ತದೆ.

ತಿರುವಿನಲ್ಲಿ ಜಿಪುಣತನ ಬೇಡ. ಐಸಿಎಫ್ (ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಮಾದರಿಯ ಪ್ರಯಾಣಿಕರ ಡಬ್ಬಿಯ ಉದ್ದ 21.3 ಮೀಟರ್, ಗಾಲಿಗಳನ್ನು ಹೊತ್ತ ಎರಡು ಟ್ರಾಲಿಗಳ ನಡುವೆ 14.78 ಮೀಟರ್. ಮಾದರಿಯಲ್ಲಿ ಇವು 245 ಮತ್ತು 170 ಎಂಎಂ. 600 ಎಂಎಂ ತ್ರಿಜ್ಯದ ತಿರುವಿನಲ್ಲಿ ಇಂಥ ಡಬ್ಬಿಯ ನಡುಭಾಗ 6 ಎಂಎಂ ಒಳಕ್ಕೆ ಸರಿಯುತ್ತದೆ, ತುದಿ ಸುಮಾರು 6.5 ಎಂಎಂ ಹೊರಕ್ಕೆ ಚಾಚುತ್ತದೆ. ಡಬ್ಬಿಯ ಅಗಲ 37 ಸೇರಿಸಿದರೆ 50 ಮುಟ್ಟಿತು. ಜೋಡಿ ಹಳಿಗಳನ್ನು ನೇರ ಜಾಗದಲ್ಲಿ 50 ಎಂಎಂ ಅಂತರಕ್ಕೆ ಹಾಕಿ, ಅದೇ ಅಂತರದಲ್ಲಿ ತಿರುವಿಗೂ ಒಯ್ದರೆ ಎದುರುಬದುರು ಬರುವ ಗಾಡಿಗಳು ಒಂದಕ್ಕೊಂದು ತಿಕ್ಕುತ್ತವೆ. ತಿರುವು ಶುರುವಾಗುವ ಒಂದಡಿ ಮೊದಲೇ ಅಂತರವನ್ನು 60ಕ್ಕೆ ಹಿಗ್ಗಿಸಬೇಕು.

600 ತ್ರಿಜ್ಯದ ಪೂರ್ತಿ ಸುತ್ತಿಗೆ 1300 ಎಂಎಂ ಅಗಲ ಬೇಕು, ಪ್ಲೈವುಡ್ ಹಾಳೆಯ ಅಗಲ 4 ಅಡಿ, ಅಂದರೆ 1219 ಮಾತ್ರ. ಆದ್ದರಿಂದ ಮೇಜಿನ ಬದಲು ಗೋಡೆಗುಂಟ 2 ಅಡಿ ಅಗಲದ ಹಲಗೆ ಹಾಯಿಸುವುದು ಮೇಲು. 10×12 ಅಡಿ ಖೋಲಿಯಲ್ಲಿ ಸುತ್ತಲೂ ಇದಕ್ಕೆ 72 ಚದರ ಅಡಿ ಮೇಲ್ಹಲಗೆ ಬೇಕು: 9 ಎಂಎಂ ಪ್ಲೈವುಡ್ಡಿನ ಎರಡೂಕಾಲು ಹಾಳೆ, ಅಂದರೆ ಮೂರು ತರಿಸಬೇಕು. ಚೌಕಟ್ಟಿಗೆ 12 ಎಂಎಂ ಪ್ಲೈವುಡ್ಡನ್ನು 3 ಇಂಚಿನ ಪಟ್ಟಿಗಳಾಗಿ ಸೀಳಿಸಿ. ಪ್ರತಿ 4×2 ಅಡಿ ಪೆಟ್ಟಿಗೆಗೆ ಉದ್ದ ಪಟ್ಟಿ ಎರಡು, ಅಡ್ಡ ಪಟ್ಟಿ ನಾಲ್ಕು. ವೈರ್ ಹಾಯಲು ಅಡ್ಡ ಪಟ್ಟಿಯ ನಡುವೆ 25 ಎಂಎಂ ತೂತನ್ನು ಜೋಡಿಸುವ ಮೊದಲೇ ಕೊರೆಯಿರಿ, ಆಮೇಲೆ ಡ್ರಿಲ್ ಒಳಗೆ ಹಿಡಿಯುವುದಿಲ್ಲ. ಪ್ಲೈವುಡ್ ಅಂಚಿಗೆ ನೇರ ಸ್ಕ್ರೂ ಹೊಡೆದರೆ ಪದರು ಬಿಚ್ಚುತ್ತದೆ, 2.5 ಎಂಎಂ ತೂತು ಮಾಡಿ, ಫೆವಿಕಾಲ್ ಹಚ್ಚಿ ತಿರುವಬೇಕು.

ಸಾಗವಾನಿ ಚೌಕಟ್ಟೇ ಗಟ್ಟಿ ಎಂದು ಬಡಿಗೇರರು ಹೇಳುತ್ತಾರೆ. ಬಾಗಿಲಿಗೆ ಆ ಮಾತು ಖರೆ. ಇಲ್ಲಿ ಬೇಕಾದದ್ದು ಗಟ್ಟಿತನಕ್ಕಿಂತ ಅಲುಗದಿರುವುದು. ಅಡ್ಡಡ್ಡ ಪದರುಗಳಿರುವ ಪ್ಲೈವುಡ್ ಇಡಿ ಕಟ್ಟಿಗೆಗಿಂತ ಕಡಿಮೆ ತಿರುಚಿಕೊಳ್ಳುತ್ತದೆ. ಆದರೂ ಕೆಳಮೈ, ಅಂಚು, ತೂತಿನ ಒಳಮೈ ಎಲ್ಲಕ್ಕೂ ಬಣ್ಣ ಕುಡಿಸಬೇಕು. ಮೇಲ್ಮೈಗೆ ಮಾತ್ರ ಬಣ್ಣ ಹೊಡೆದರೆ ಒಂದೇ ಬದಿ ಒಣಗಿ ಹಲಗೆ ಬಿಲ್ಲಾಗುತ್ತದೆ.

ಈಗ ಹಳಿ. ಬಗ್ಗಿಸಬಹುದಾದ ಫ್ಲೆಕ್ಸ್ ಹಳಿಯ ಒಂದು ತುಂಡು 914 ಎಂಎಂ, ಲೋಹ ನಿಕಲ್ ಸಿಲ್ವರ್. ಡಿಸೆಂಬರ್ ನಸುಕಿನಲ್ಲಿ ಖೋಲಿಯೊಳಗೆ 18 ಡಿಗ್ರಿ, ಮೇ ಮಧ್ಯಾಹ್ನ 40 ಎಂದು ಹಿಡಿದರೆ ಒಂದು ತುಂಡು ಸುಮಾರು 0.34 ಎಂಎಂ ಬೆಳೆಯುತ್ತದೆ. ಕೇಳಲು ಏನೂ ಅಲ್ಲ. ಆದರೆ ಎರಡೂ ತುದಿ ಬಿಗಿದು ನಡುವೆ ಹಿಡಿತ ಸಡಿಲಿದ್ದರೆ, ಅಷ್ಟೇ ಹೆಚ್ಚಳ ಹಳಿಯನ್ನು 10 ಎಂಎಂ ಪಕ್ಕಕ್ಕೆ ಬಾಗಿಸಲು ಸಾಕು. ಕೆಳಗಿನ ಕಟ್ಟಿಗೆಯೂ ಅದೇ ತಿಂಗಳಲ್ಲಿ ಕುಗ್ಗುವುದರಿಂದ ಬಾಗು ಇನ್ನೂ ಹೆಚ್ಚು. ಚಳಿಗಾಲದಲ್ಲಿ ಹಳಿ ಹಾಕುವುದಾದರೆ ಪ್ರತಿ ಕೂಡಿಕೆಯಲ್ಲಿ ಒಂದು ವಿಸಿಟಿಂಗ್ ಕಾರ್ಡಿನ ದಪ್ಪ ಸಂದು ಬಿಡಿ. ಏಪ್ರಿಲ್–ಮೇ ಮಧ್ಯಾಹ್ನ ಹಾಕುವುದಾದರೆ ಮುಟ್ಟಿಸಿಯೇ ಹಾಕಬಹುದು. ನಾನು ಬೇಸಿಗೆಯನ್ನೇ ಆರಿಸುತ್ತೇನೆ: ಕಟ್ಟಿಗೆ ಆಗಲೇ ಪೂರ್ತಿ ಕುಗ್ಗಿರುತ್ತದೆ, ಹಳಿ ಪೂರ್ತಿ ಹಿಗ್ಗಿರುತ್ತದೆ, ಮುಂದೆ ಆಗುವುದೆಲ್ಲ ಸಡಿಲದ ಕಡೆಗೇ. ನೇರ ಜಾಗದಲ್ಲಿ ಹಳಿ ತುಂಡುಗಳನ್ನು ಕೂಡಿಸುವ ಜಾಯಿನರ್‌ಗಳಿಗೆ ಬೆಸುಗೆ ಬೇಡ. ತಿರುವಿನಲ್ಲಿ ಮಾತ್ರ ಎರಡು ತುಂಡನ್ನು ನೇರವಿರುವಾಗಲೇ ಬೆಸೆದು ಆಮೇಲೆ ಬಗ್ಗಿಸಬೇಕು, ಇಲ್ಲದಿದ್ದರೆ ಕೂಡಿಕೆಯಲ್ಲಿ ಮೊಣಕೈ ಬರುತ್ತದೆ.

ಹಳಿಯ ಕೆಳಗೆ ಕಾರ್ಕ್ ಹಾಕುವುದು ವಾಡಿಕೆ. ಈ ಒಣ ಸೆಕೆಗೆ ಕಾರ್ಕ್ ಪುಡಿಪುಡಿಯಾಗುತ್ತದೆ. ಚಪ್ಪಲಿ ಹೊಲಿಯುವವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ 3 ಎಂಎಂ ಇವಿಎ ಫೋಮ್ ಶೀಟ್ ಕೇಳಿ. ಬಾಳಿಕೆಗೂ ಒಳ್ಳೆಯದು, ಸದ್ದೂ ಕಡಿಮೆ. ಅದರ ಮೇಲೆ ಹಳಿ ಕೂರಿಸಲು ಅಕ್ರಿಲಿಕ್ ಸೀಲಂಟ್ ತೆಳ್ಳಗೆ ಎಳೆದರೆ ಸಾಕು. ಬೇಕೆಂದಾಗ ಪುಟ್ಟಿ ಪಟ್ಟಿ ತೂರಿಸಿ ಎಬ್ಬಿಸಬಹುದು.

ವೈರಿಂಗ್‌ಗೆ ಮನೆ ಕೆಲಸದ 1.5 ಸ್ಕ್ವೇರ್ ಎಂಎಂ ತಾಮ್ರದ ವೈರನ್ನೇ ಎರಡು ಬಣ್ಣದಲ್ಲಿ ಲೇಔಟಿನ ಕೆಳಗೆ ಸುತ್ತ ಎಳೆದಿದ್ದೇನೆ. ಪ್ರತಿ ಹಳಿ ತುಂಡಿನಿಂದ ಸಣ್ಣ ವೈರ್ ಇಳಿದು ಇದಕ್ಕೆ ಸೇರುತ್ತದೆ. ಜಾಯಿನರ್ ನಂಬಿ ಕರೆಂಟ್ ಹಾಯಿಸಿದರೆ ಧೂಳು ಹೊಕ್ಕ ಮರುವರ್ಷವೇ ಇಂಜಿನ್ ಅಲ್ಲಲ್ಲಿ ಮುಗ್ಗರಿಸುತ್ತದೆ. ನಿಯಂತ್ರಣಕ್ಕೆ ಡಿಸಿಸಿ, ಅಂದರೆ ಹಳಿಯ ಮೂಲಕವೇ ಪ್ರತಿ ಇಂಜಿನ್‌ಗೆ ಬೇರೆ ಬೇರೆ ಡಿಜಿಟಲ್ ಆದೇಶ ಕಳಿಸುವ ಪದ್ಧತಿ: ಆರ್ಡುಯಿನೊ ಮೆಗಾ ಎಂಬ ಸಣ್ಣ ಕಂಪ್ಯೂಟರ್ ಬೋರ್ಡ್, ಅದರ ಮೇಲೆ ಕೂರುವ ಮೋಟರ್ ಶೀಲ್ಡ್ ಬೋರ್ಡ್, ಉಚಿತವಾಗಿ ಸಿಗುವ ಡಿಸಿಸಿ-ಇಎಕ್ಸ್ ಸಾಫ್ಟ್‌ವೇರ್. ಮೊಬೈಲಿನ ಇಂಜಿನ್ ಡ್ರೈವರ್ ಆ್ಯಪ್‌ನಿಂದ ಓಡಿಸಬಹುದು, ಅದಕ್ಕೆ ವೈಫೈ ಬೋರ್ಡ್ ಒಂದು ಸೇರಿಸಬೇಕು. ಇಲ್ಲಿ ಒಂದು ಅಪಾಯ: ಶೀಲ್ಡಿಗೆ ಕೊಡುವ 14 ವೋಲ್ಟ್ ವಿಇನ್ (ವಿದ್ಯುತ್ ಒಳಬರುವ) ಪಿನ್ ಮೂಲಕ ಮೆಗಾಗೂ ಇಳಿಯುತ್ತದೆ. ಶೀಲ್ಡಿನ ಹಿಂಬದಿಯಲ್ಲಿರುವ ವಿಇನ್ ಗೆರೆಯನ್ನು ಬ್ಲೇಡಿನಿಂದ ಕತ್ತರಿಸಿ, ಮೆಗಾಗೆ 7ರಿಂದ 9 ವೋಲ್ಟಿನ ಬೇರೆ ಅಡಾಪ್ಟರ್ ಕೊಡಬೇಕು. ಶೀಲ್ಡ್ ಒಂದು ಚಾನೆಲ್‌ಗೆ ಒಂದೂವರೆ ಆಂಪಿಯರ್ ತಡೆಯುತ್ತದೆ; ಮೂರು ಇಂಜಿನ್‌ಗೆ ಧಾರಾಳ. ಕೆಲಸ ಮುಗಿದ ಮೇಲೆ ಒಂದು ರೂಪಾಯಿ ನಾಣ್ಯವನ್ನು ಎರಡೂ ಹಳಿ ಮುಟ್ಟುವಂತೆ ಅಡಿಗೊಮ್ಮೆ ಇಟ್ಟು ನೋಡಿ. ಇಟ್ಟ ಕಡೆಯೆಲ್ಲ ಕರೆಂಟ್ ತಟ್ಟನೆ ಕಟ್ಟಾಗಬೇಕು. ಆಗದ ಕಡೆ ಎಲ್ಲೋ ವೈರ್ ಬಡವಾಗಿದೆ, ಗಾಡಿ ಹಳಿ ತಪ್ಪಿದ ದಿನ ಅಲ್ಲೇ ಟ್ರಾಲಿ ಕರಗುತ್ತದೆ.

ಬಾಗಿಲ ಅಡ್ಡ ಎತ್ತಿಡುವ ಸೇತುವೆಗೆ ಹಿತ್ತಾಳೆ ಚಿಲಕ ಎರಡು ಸಾಕು. ಹಳಿ ಕೂಡಿಸುವುದೂ ಅವೇ, ಕರೆಂಟ್ ಹಾಯಿಸುವುದೂ ಅವೇ. ನನ್ನ ಸೇತುವೆಗೆ ಆಲಮಟ್ಟಿ ಬಳಿಯ ಕೃಷ್ಣಾ ಸೇತುವೆಯ ಹೆಸರಿದೆ, ರೂಪವಿಲ್ಲ.

ಹಳಿಗೆ ಕಡಿ ಹಾಸುವುದು ನನಗೆ ಬಹಳ ಹಿಡಿಸುವ ಕೆಲಸ. ನಿಜವಾದ ಕಡಿ 50 ಎಂಎಂ ಆಸುಪಾಸು, ಮಾದರಿಯಲ್ಲಿ ಅರ್ಧ ಎಂಎಂಗಿಂತ ತುಸು ದಪ್ಪ. ಕ್ರಷರ್‌ನ ಕರಿಕಲ್ಲಿನ ಪುಡಿಯನ್ನು ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಕೆಳಗೆ ಬಿದ್ದದ್ದನ್ನು ತೆಳು ಬಟ್ಟೆಯಲ್ಲಿ ಇನ್ನೊಮ್ಮೆ ಜಾಡಿಸಿ ಹಿಟ್ಟಿನಂಥ ಧೂಳು ತೆಗೆಯಿರಿ. ಉಳಿದದ್ದು ನಿಮ್ಮ ಕಡಿ. ಅದನ್ನು ಹಾಗೇ ಹಾಕಬಾರದು. ಪರಾತದಲ್ಲಿ ಹರವಿ, ಪ್ಲಾಸ್ಟಿಕ್ ಚೀಲದೊಳಗೆ ಬಲವಾದ ಮ್ಯಾಗ್ನೆಟ್ ಇಟ್ಟು ಮೇಲಿಂದ ಆಡಿಸಿದರೆ ಕರಿ ಕಾಳುಗಳು ಜಿಗಿದು ಚೀಲಕ್ಕೆ ಮೀಸೆಯಂತೆ ನಿಲ್ಲುತ್ತವೆ. ನಮ್ಮ ಕರಿಕಲ್ಲಿನಲ್ಲಿ ಮ್ಯಾಗ್ನೆಟೈಟ್ ಇದೆ. ಆ ಕಾಳು ಹಳಿಯ ಮೇಲಿದ್ದರೆ ಇಂಜಿನ್‌ನ ಮೋಟರ್ ಅದನ್ನು ಒಳಗೆ ಎಳೆದುಕೊಂಡು ಹಲ್ಲುಗಾಲಿ ಸವೆಸುತ್ತದೆ. ಚೀಲಕ್ಕೆ ಏನೂ ಅಂಟದ ತನಕ ಆಡಿಸುತ್ತಲೇ ಇರಬೇಕು.

ಹರಡಿದ ಕಡಿಗೆ ಮೊದಲು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಬೆರೆಸಿದ ನೀರನ್ನು ಮಂಜಿನಂತೆ ಸಿಂಪಡಿಸಿ, ಆಮೇಲೆ ಒಂದು ಪಾಲು ಫೆವಿಕಾಲ್, ಎರಡು ಪಾಲು ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ ಡ್ರಾಪರ್‌ನಿಂದ ಬಿಡಬೇಕು. ಸಂಜೆ ಮಾಡಿ, ಫ್ಯಾನ್ ಬೇಡ. ಮಧ್ಯಾಹ್ನದ ಕಾವಿಗೆ ಮೇಲೆ ಕೆನೆಗಟ್ಟಿ ಒಳಗೆ ಸಡಿಲ ಉಳಿಯುತ್ತದೆ.

ಎರೆಹೊಲ ತೋರಿಸಲು ಎರೆಮಣ್ಣನ್ನೇ ಹಾಕುವ ಆಸೆ ಸಹಜ. ಮಣ್ಣು ಅಂಟಿನ ನೀರು ಕುಡಿದು ಉಬ್ಬಿ, ಒಣಗುತ್ತ ಬಿರಿದು ಕೆಳಗಿನ ಬಣ್ಣವನ್ನೂ ಕಿತ್ತುಕೊಂಡು ಏಳುತ್ತದೆ. ಬೇಸಿಗೆ ಹೊಲವೇ ಬೇಕಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಕ್ರಷರ್ ಹಿಟ್ಟಿಗೆ ಕರಿ, ಕಂದು ಬಣ್ಣ ಕಲಸಿ ಬಳಿದು, ಹಸಿ ಇರುವಾಗಲೇ ಹಂಚಿನಲ್ಲಿ ಹುರಿದು ಸೋಸಿದ ಎರೆಮಣ್ಣನ್ನು ಉದುರಿಸಿ. ತೆಳು ಪದರು ಬಿರಿಯುವುದಿಲ್ಲ. ಜೋಳದ ಕೂಳಿಗೆ ತೆಂಗಿನ ನಾರು ಸಾಕು.

ಓಡಿಸುವುದಕ್ಕೆ ಮುಂಚೆ ಉದ್ದನೆಯ ಡಬ್ಬಿಗಳನ್ನು ಇಂಜಿನ್‌ನಿಂದ ಹಿಂದಕ್ಕೆ ತಳ್ಳಿ ನೋಡಬೇಕು. ಎಳೆದಾಗ ಮುಚ್ಚಿಹೋಗುವ ತಪ್ಪೆಲ್ಲ ತಳ್ಳಿದಾಗ ಹೊರಬೀಳುತ್ತದೆ. ಒಂದೇ ಡಬ್ಬಿ ಎಲ್ಲ ಕಡೆ ಹಳಿ ಬಿಟ್ಟು ಇಳಿದರೆ ಗಾಲಿಗಳ ಒಳ ಅಂತರ ಅಳೆಯಿರಿ, ಸುಮಾರು 14.4 ಎಂಎಂ ಇರಬೇಕು. ಎಲ್ಲ ಡಬ್ಬಿ ಒಂದೇ ಕಡೆ ಇಳಿದರೆ ತಪ್ಪು ಹಳಿಯದು. ಕೂಡಗಿಯ ವಿದ್ಯುತ್ ಸ್ಥಾವರದ ಕಲ್ಲಿದ್ದಲು ಗಾಡಿ ಮಾಡುವವರಿಗೆ ಲೆಕ್ಕ: ಬಾಕ್ಸ್‌ಎನ್ ವ್ಯಾಗನ್ ಒಂದಕ್ಕೆ 123 ಎಂಎಂ, ಹನ್ನೆರಡಕ್ಕೆ ಒಂದೂವರೆ ಮೀಟರ್, ಇಂಜಿನ್‌ಗೆ ಕಾಲು ಮೀಟರ್. ಗಾಡಿ ಬದಿಗೆ ನಿಲ್ಲಿಸುವ ಲೂಪ್ ಲೈನ್ ಎರಡು ಮೀಟರಿಗಿಂತ ಗಿಡ್ಡ ಬೇಡ.

ಓಡಿಸದಾಗ ಮುಚ್ಚಲು ಹಳೆ ಸೀರೆ ಬೇಡ, ಅದರ ಎಳೆ ಆ್ಯಕ್ಸಲ್‌ಗೆ ಸುತ್ತುತ್ತದೆ. ತೆಳು ತಾಡಪತ್ರಿ ಒಳ್ಳೆಯದು. ಹಳಿಗೆ ಪಾಲಿಶ್ ಕಾಗದ ತಿಕ್ಕಬೇಡಿ, ಗೀರಿನಲ್ಲಿ ಕರಿ ಕೂರುತ್ತದೆ. ಐಪಿಎ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿದರೆ ಸಾಕು. ಹಲ್ಲುಗಾಲಿಗೆ ಪ್ಲಾಸ್ಟಿಕ್ ಕೆಡಿಸದ ಎಣ್ಣೆ, ಸೂಜಿ ತುದಿಯಷ್ಟು. ತೆಂಗಿನೆಣ್ಣೆ 24 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ಇಂಜಿನ್ ಗುಂಯ್‌ಗುಟ್ಟುತ್ತ ಅಲುಗದೆ ನಿಂತರೆ ಡಿಸಿಸಿ ಆದೇಶ ಓದುವ ಡಿಕೋಡರ್ ಬಿಚ್ಚುವ ಮೊದಲು ಮನೆಯಲ್ಲಿ ಯಾರಾದರೂ ಅದಕ್ಕೆ ತಲೆಗೆ ಹಚ್ಚುವ ಎಣ್ಣೆ ಬಿಟ್ಟಿದ್ದಾರೆಯೇ ಎಂದು ವಿಚಾರಿಸಿ.