ಬ್ಯಾಗ್ ಹೊತ್ತು ಆಫ್ರಿಕಾಕ್ಕೆ ಸ್ವಯಂಸೇವೆಗೆ ಹೊರಟವರಿಗೆ

ನಮ್ಮ ಚಿತ್ರದುರ್ಗದ ಕಡೆಯಿಂದಲೂ ಈಗ ಡಿಗ್ರಿ ಮುಗಿಸಿದ ಮಕ್ಕಳು ಕೀನ್ಯಾ, ಉಗಾಂಡಕ್ಕೆ ಶಾಲೆ, ತೋಟಗಳಲ್ಲಿ ಸ್ವಯಂಸೇವೆಗೆ ಹೋಗಬೇಕು ಅಂತಿದ್ದಾರೆ. ತುಂಬಾ ಒಳ್ಳೇದು, ಖಂಡಿತ ಹೋಗಿ. ಆದರೆ ಟಿಕೆಟ್‌ಗಿಂತ ಮೊದಲು ಹಳದಿ ಜ್ವರದ (ಸೊಳ್ಳೆಯಿಂದ ಹರಡುವ ಯೆಲ್ಲೋ ಫೀವರ್) ಲಸಿಕೆ ನೋಡಿಕೊಳ್ಳಿ. ಇದು ಎಲ್ಲ ಆಸ್ಪತ್ರೆಯಲ್ಲೂ ಸಿಗಲ್ಲ, ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಬೆಂಗಳೂರಿನ ಕೇಂದ್ರದಲ್ಲಿ ದಿನ ಗೊತ್ತು ಮಾಡಿಕೊಂಡೇ ಬಸ್ ಹತ್ತಿ. ಚುಚ್ಚಿಸಿಕೊಂಡ 10 ದಿನದ ಮೇಲಷ್ಟೇ ಸರ್ಟಿಫಿಕೇಟ್ ಚಾಲ್ತಿಗೆ ಬರುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನದವರೆಗೆ ಬೇರೆ ಇಡಬಹುದು.

ವೀಸಾ ಇನ್ನೊಂದು ತಲೆನೋವು. ಸಂಬಳ ಇಲ್ಲದಿದ್ದರೂ ಹಲವು ದೇಶಗಳಲ್ಲಿ ಸ್ವಯಂಸೇವೆಯೂ ಕೆಲಸವೇ, ಟೂರಿಸ್ಟ್ ವೀಸಾ ಸಾಲಲ್ಲ. ಕರೆಯುವವರು 'ಏನೂ ಆಗಲ್ಲ, ಬನ್ನಿ' ಅಂದರೆ ನಂಬಬೇಡಿ, ರಾಯಭಾರ ಕಚೇರಿಗೇ ಬರೆದು ಕೇಳಿ.

ಇಲ್ಲಿ ಸಂಜೆ ಒಗೆದು ಹಾಕಿದ ಪ್ಯಾಂಟು ಬೆಳಿಗ್ಗೆಗೆ ಗರಿಗರಿ ಅಲ್ವಾ? ಅಲ್ಲಿನ ಕರಾವಳಿ, ಮಳೆಕಾಡಿನ ಕಡೆ ಜೀನ್ಸ್ ಒಣಗೋದೇ ಇಲ್ಲ, ಮುಗ್ಗಲು ವಾಸನೆ ಬರುತ್ತದೆ. ತೆಳು ಬಟ್ಟೆ ಸಾಕು. ರಾತ್ರಿ ಕಾಲ್ಬೆರಳ ಸಂದಿ ಒರೆಸಿ ಒಣಗಿಸಿ, ಇಲ್ಲದಿದ್ದರೆ ಫಂಗಸ್ ಗ್ಯಾರಂಟಿ.

ತುಂಬಿದ ಬ್ಯಾಗ್ ಹೊತ್ತು ಒಮ್ಮೆ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡದವರೆಗೆ ಹತ್ತಿ ನೋಡಿ. ಭುಜ ಹಿಡಿದುಕೊಂಡರೆ ಅರ್ಧ ಸಾಮಾನು ಮನೆಯಲ್ಲೇ ಬಿಡಿ.

ಮಲೇರಿಯಾ ಮಾತ್ರೆ ಡಾಕ್ಟರನ್ನು ಕೇಳಿ ಮೊದಲೇ ಶುರು ಮಾಡಿ, ಊರಿಗೆ ಬಂದ ಮೇಲೂ ಅವರು ಹೇಳಿದಷ್ಟು ದಿನ ನಿಲ್ಲಿಸಬೇಡಿ. ವಾಪಸಾದ ಮೇಲೆ ಜ್ವರ ಬಂದರೆ ಯಾವ ದೇಶಕ್ಕೆ ಹೋಗಿದ್ದಿರಿ ಅಂತ ಮೊದಲು ಹೇಳಿ, ರಕ್ತಪರೀಕ್ಷೆ ಅವತ್ತೇ ಮಾಡಿಸಿ.